ಸಣ್ಣ ವಿಮಾನ ನಿಲ್ದಾಣ: ಮೊದಲು ಜಾಗ ಕಾಯ್ದಿಡಿ, ಡಾಂಬರು ಆಮೇಲೆ

ತರಬೇತಿ ವಿಮಾನ, ಏರ್ ಆಂಬುಲೆನ್ಸ್, ಖಾಸಗಿ ಸಣ್ಣ ವಿಮಾನಗಳಿಗಾಗಿ ಇರುವ ನಿಲ್ದಾಣಗಳನ್ನು ಮುಂದಿನ ಇಪ್ಪತ್ತು ವರ್ಷಕ್ಕೆ ಹೇಗೆ ಯೋಜಿಸಬೇಕು ಎಂಬ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ.

ಪ್ರಶ್ನೆ: ತರಬೇತಿಗೆ ಬಳಸುವ ಸಣ್ಣ ವಿಮಾನ ಸೆಸ್ನಾ 172 ಹಾರಲು 500 ಮೀಟರ್ ಸಾಕೆಂದು ಅದರ ಕೈಪಿಡಿಯಲ್ಲಿದೆ. ಆದರೂ ಯೋಜನೆಗಳಲ್ಲಿ 1,200 ಮೀಟರಿಗೂ ಮೇಲೆ ರನ್‌ವೇ ಕೇಳುತ್ತಾರೆ. ಇದು ಸುಮ್ಮನೆ ಜಮೀನು ಕಬಳಿಸುವ ಲೆಕ್ಕವಲ್ಲವೆ? (ಕೋಲಾರ)

ಕೈಪಿಡಿಯ ಅಂಕಿ ಸಮುದ್ರಮಟ್ಟದ್ದು, ಅದೂ 15 ಡಿಗ್ರಿ ಉಷ್ಣಾಂಶದ್ದು. ನಿಮ್ಮ ಕಡೆ ಆ ಎರಡೂ ಇಲ್ಲ. ಜತೆಗೆ, ಯೋಜನೆ ಮಾಡುವುದು ಸೆಸ್ನಾಕ್ಕಲ್ಲ, ಅಲ್ಲಿಗೆ ಬರಬಹುದಾದ ದೊಡ್ಡ ವಿಮಾನಕ್ಕೆ. ಏರ್ ಆಂಬುಲೆನ್ಸ್ ಆಗಿ ಬಳಸುವ ಎರಡು ಎಂಜಿನ್ನಿನ ಟರ್ಬೊಪ್ರಾಪ್ (ಜೆಟ್ ಮಾದರಿಯ ಎಂಜಿನ್ನಿನಿಂದ ಪ್ರೊಪೆಲರ್ ತಿರುಗುವ ವಿಮಾನ) ಎಂದಿಟ್ಟುಕೊಳ್ಳಿ. ಅದರ ಮೂಲ ಉದ್ದ, ಅಂದರೆ ಸಮುದ್ರಮಟ್ಟದಲ್ಲಿ 15 ಡಿಗ್ರಿಯಲ್ಲಿ ಸಮತಟ್ಟಾದ ರನ್‌ವೇಯಿಂದ ಹಾರಲು ಬೇಕಾದ ಉದ್ದ, 800 ಮೀಟರ್ ಎಂದಾದರೆ, ಎತ್ತರದ ಲೆಕ್ಕದಲ್ಲಿ ಪ್ರತಿ 300 ಮೀಟರಿಗೆ ಶೇ 7 ಸೇರಿಸಬೇಕು. 900 ಮೀಟರ್ ಎತ್ತರದ ಬಯಲಿನಲ್ಲಿ ಅದು 968 ಆಗುತ್ತದೆ. ಆ ಎತ್ತರದಲ್ಲಿ ಲೆಕ್ಕಕ್ಕೆ ಹಿಡಿಯುವ ಪ್ರಮಾಣಿತ ಉಷ್ಣಾಂಶ ಸುಮಾರು 9 ಡಿಗ್ರಿ. ನಮ್ಮ ಏಪ್ರಿಲ್ ಮಧ್ಯಾಹ್ನ 34. ವ್ಯತ್ಯಾಸದ ಒಂದೊಂದು ಡಿಗ್ರಿಗೂ ಶೇ 1ರಂತೆ ಸೇರಿಸಿದರೆ 1,210. ರನ್‌ವೇಯ ಇಳಿಜಾರು ಶೇ 0.5 ಇದ್ದರೆ ಇನ್ನೂ ಶೇ 5, ಅಂದರೆ 1,270 ಮೀಟರ್. ಎತ್ತರ, ಬಿಸಿ ಎರಡೂ ಸೇರಿ ಶೇ 35 ದಾಟಿದರೆ ಈ ಸೂತ್ರವನ್ನು ನಂಬದೆ ಆ ವಿಮಾನದ ತಯಾರಕರ ಕೋಷ್ಟಕ ಹಿಡಿದು ಪ್ರತ್ಯೇಕ ಅಧ್ಯಯನ ಮಾಡಿಸಬೇಕು. ನಿಮ್ಮಲ್ಲಿ ದಾಟುತ್ತದೆ.

ಜಮೀನು ಹೆಚ್ಚು ಕೇಳುವ ತಪ್ಪು ನಡೆಯುವುದು ಬೇರೆ ಕಡೆ. ರನ್‌ವೇಯ ದರ್ಜೆ ನಿಗದಿಯಾಗುವುದು ಮೂಲ ಉದ್ದದಿಂದ. 800 ಎಂದರೆ 2ನೇ ದರ್ಜೆ. 1,270 ನೋಡಿ 3ನೇ ದರ್ಜೆ ಎಂದು ಬರೆದರೆ ಸುತ್ತಲಿನ ಅಳತೆಗಳೆಲ್ಲ ಸುಮ್ಮನೆ ಉಬ್ಬುತ್ತವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಕಾವೊ) ಅನುಬಂಧ 14ರ ಪ್ರಕಾರ, ಕಣ್ಣಂದಾಜಿನಲ್ಲಿ ಇಳಿಯುವ 2ನೇ ದರ್ಜೆಯ ರನ್‌ವೇ ಸುತ್ತ ಅಡೆತಡೆ ಇಲ್ಲದ ಪಟ್ಟಿ 80 ಮೀಟರ್ ಅಗಲ, ಎರಡೂ ತುದಿಯಾಚೆ 60 ಮೀಟರ್: ಸುಮಾರು ಇಪ್ಪತ್ತೇಳೂವರೆ ಎಕರೆ. ಮುಂದೆ ಉಪಕರಣ ನೆರವಿನ ಇಳಿದಾಣ ಬೇಕೆಂದರೆ ಅಗಲ 140 ಮೀಟರ್, ಅಂದರೆ 48 ಎಕರೆ. ಈಗಲೇ 48 ಎಕರೆ ಹಿಡಿದಿಡಿ. ಡಾಂಬರು 23 ಮೀಟರ್ ಅಗಲಕ್ಕೆ ಸಾಕು.

ಪ್ರಶ್ನೆ: ಸಿಕ್ಕಿರುವ ಜಮೀನು ಉತ್ತರ-ದಕ್ಷಿಣ ಉದ್ದಕ್ಕಿದೆ. ರನ್‌ವೇ ಹಾಗೇ ಹಾಕಬಹುದೆ? (ಹಾವೇರಿ)

ಗಾಳಿಯ ದಾಖಲೆ ನೋಡದೆ ಬೇಡ. ವಿಮಾನ ಆದಷ್ಟೂ ಗಾಳಿಗೆ ಎದುರಾಗಿ ಏರಿ ಇಳಿಯಬೇಕು. ಮುಂಗಾರಿನಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಬೆಂಗಳೂರಿನ ಎಚ್‌ಎಎಲ್, ಜಕ್ಕೂರು, ಮೈಸೂರು ನಿಲ್ದಾಣಗಳ ರನ್‌ವೇಗಳೆಲ್ಲವೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಇರುವುದು ಇದೇ ಕಾರಣಕ್ಕೆ. ವರ್ಷದ ಶೇ 95ರಷ್ಟು ಹೊತ್ತು ರನ್‌ವೇ ಬಳಕೆಗೆ ಸಿಗಬೇಕು. ಮೂಲ ಉದ್ದ 1,200 ಮೀಟರಿಗಿಂತ ಕಡಿಮೆ ಇರುವ ವಿಮಾನಗಳಿಗೆ ಅಡ್ಡಗಾಳಿಯ ಮಿತಿ ಗಂಟೆಗೆ 19 ಕಿ.ಮೀ. ಮಾತ್ರ. ಕನಿಷ್ಠ ಐದು ವರ್ಷದ, ದಿನಕ್ಕೆ ಎಂಟು ಸಲ ಅಳೆದ ದಾಖಲೆ ಬೇಕು. ಒಂದು ಎಚ್ಚರ: ರಾತ್ರಿಯ ಸ್ತಬ್ಧ ಗಾಳಿ ಸರಾಸರಿಯನ್ನು ಚಂದಗಾಣಿಸುತ್ತದೆ. ತರಬೇತಿ ನಡೆಯುವುದು ಹಗಲಲ್ಲಿ. ಬೆಳಿಗ್ಗೆ 6ರಿಂದ ಸಂಜೆ 6ರ ಲೆಕ್ಕವನ್ನು ಬೇರೆಯಾಗಿ ಕೇಳಿ ಪಡೆಯಿರಿ.

ಪ್ರಶ್ನೆ: ರನ್‌ವೇ ತುದಿಯಿಂದ 600 ಮೀಟರ್ ದೂರದಲ್ಲಿ ಏಳು ಅಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟಿದರೆ ನಿಜಕ್ಕೂ ತೊಂದರೆಯೆ? ಅಷ್ಟು ದೂರ ಇದೆಯಲ್ಲ! (ಬೆಂಗಳೂರು)

ಲೆಕ್ಕ ಹಾಕಿ ನೋಡೋಣ. 2ನೇ ದರ್ಜೆಯಲ್ಲಿ ವಿಮಾನ ಇಳಿದು ಬರುವ ದಾರಿಯ ಕೆಳಗಿನ ಮಿತಿ ತುದಿಯಿಂದ 60 ಮೀಟರ್ ಆಚೆ ಶುರುವಾಗಿ ಶೇ 4ರಂತೆ ಏರುತ್ತದೆ. 600 ಮೀಟರಿನಲ್ಲಿ ಸಿಗುವ ಎತ್ತರ 21.6 ಮೀಟರ್. ಏಳು ಅಂತಸ್ತು 21 ಮೀಟರ್, ಸರಿ. ಆದರೆ ಪ್ಯಾರಪೆಟ್, ಲಿಫ್ಟ್ ರೂಮ್, ಅದರ ಮೇಲೆ ನೀರಿನ ಟ್ಯಾಂಕ್, ಸಿಡಿಲುನಿರೋಧಕ ಸರಳು? ಎಲ್ಲ ಸೇರಿ 26 ಎನ್ನಿ. ಹೆಚ್ಚಾದ 4.4 ಮೀಟರಿನ ಒಂದೊಂದು ಮೀಟರಿಗೂ ವಿಮಾನ ನೆಲ ಮುಟ್ಟುವ ಗುರುತು 25 ಮೀಟರ್ ಒಳಗೆ ಸರಿಯಬೇಕು. ಆ ಕಡೆಯಿಂದ ಇಳಿಯುವವರಿಗೆ 110 ಮೀಟರ್ ರನ್‌ವೇ ಇದ್ದೂ ಇಲ್ಲದಂತೆ. ಆ ದಿಕ್ಕಿಗೆ ಏರುವವರು ಭಾರ ಇಳಿಸಿಕೊಂಡು ಹಾರಬೇಕಾಗಬಹುದು. ಕಟ್ಟಡದ ನೆಲವೇ ರನ್‌ವೇ ತುದಿಗಿಂತ 3 ಮೀಟರ್ ಎತ್ತರದಲ್ಲಿದ್ದರೆ ಒಂದು ಅಂತಸ್ತು ಆಗಲೇ ಹೋಯಿತು. ಬಳ್ಳಾರಿ ರಸ್ತೆಯ ಎತ್ತರಿಸಿದ ಹೆದ್ದಾರಿ ಬಂದ ಮೇಲೆ ಜಕ್ಕೂರಿಗೆ ಬಂದ ತಾಪತ್ರಯ ಈ ಜಾತಿಯದೇ.

ಎತ್ತರ ಮಿತಿಯ 2015ರ ನಿಯಮಗಳಡಿ ನಿರಾಕ್ಷೇಪಣಾ ಪತ್ರ ಕೊಡುವುದು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ. ಆ ಪತ್ರದಲ್ಲಿ ನೋಡಬೇಕಾದ್ದು ಕಟ್ಟಡದ ಎತ್ತರವನ್ನಲ್ಲ, ಸಮುದ್ರಮಟ್ಟದಿಂದ ಅದರ ನೆತ್ತಿಯ ಮಟ್ಟವನ್ನು. ಕಟ್ಟುವಾಗ ನಿಲ್ಲಿಸುವ ಟವರ್ ಕ್ರೇನ್ ಕಟ್ಟಡಕ್ಕಿಂತ ಎತ್ತರ. ಅದನ್ನು ಎಲ್ಲರೂ ಮರೆಯುತ್ತಾರೆ. ನಿಲ್ದಾಣದವರು ಮಾಡಬೇಕಾದ ಮೊದಲ ಕೆಲಸ, ಮುಂದೆ ಉದ್ದವಾಗಲಿರುವ ರನ್‌ವೇಯ ತುದಿಗಳನ್ನು ಹಿಡಿದು, ಎಲ್ಲಿ ಎಷ್ಟು ಎತ್ತರ ಕಟ್ಟಬಹುದೆಂದು ತೋರಿಸುವ ಬಣ್ಣದ ವಲಯ ನಕ್ಷೆ ಮಾಡಿಸಿ ಸ್ಥಳೀಯ ಯೋಜನಾ ಪ್ರಾಧಿಕಾರದ ಮಹಾಯೋಜನೆಗೆ ಸೇರಿಸುವುದು. ಇಂದಿನ ತುದಿ ಹಿಡಿದು ಮಾಡಿಸಿದರೆ ವಿಸ್ತರಣೆಯ ಬಾಗಿಲು ನೀವೇ ಮುಚ್ಚಿಕೊಂಡಂತೆ.

ಪ್ರಶ್ನೆ: 12 ತರಬೇತಿ ವಿಮಾನಗಳ ಶಾಲೆಗೆ ಟ್ಯಾಕ್ಸಿವೇ, ನಿಲುಗಡೆ ಎಲ್ಲಿ, ಎಷ್ಟು? (ಕಲಬುರಗಿ)

ರನ್‌ವೇಗೆ ಸಮಾಂತರ ಟ್ಯಾಕ್ಸಿವೇಯನ್ನು (ನಿಲುಗಡೆಯಿಂದ ರನ್‌ವೇಗೆ ವಿಮಾನ ಹೋಗಿಬರುವ ದಾರಿ) ಈಗಿನ ನಿಯಮಕ್ಕೆ 52 ಮೀಟರ್ ದೂರದಲ್ಲೇ ಹಾಕಬಹುದು, ಖರ್ಚೂ ಕಡಿಮೆ. ಹಾಕಬೇಡಿ. ಉಪಕರಣ ನೆರವಿನ ರನ್‌ವೇ ಆದ ದಿನ ಆ ಅಂತರ 80 ಮೀಟರ್ ದಾಟಬೇಕಾಗುತ್ತದೆ, ಆಗ ಹಾಕಿದ್ದೆಲ್ಲ ಅಗೆದು ಹಾಕಬೇಕು. ನಿಲುಗಡೆಗೆ 11 ಮೀಟರ್ ರೆಕ್ಕೆ, 3 ಮೀಟರ್ ಅಂತರ: ವಿಮಾನಕ್ಕೆ 14 ಮೀಟರ್. ಆರಾರರ ಎರಡು ಸಾಲು ಎದುರುಬದುರು ನಿಲ್ಲಿಸಿದರೆ 84 ಮೀಟರ್ ಉದ್ದ, ನಡುವೆ 24 ಮೀಟರ್ ಓಡಾಟದ ಜಾಗ. ಪ್ರತಿ ವಿಮಾನಕ್ಕೂ ಕಾಂಕ್ರೀಟಿನಲ್ಲಿ ಹೂತ ಮೂರು ಕಬ್ಬಿಣದ ಬಳೆ, ರೆಕ್ಕೆಗೆ ಎರಡು, ಬಾಲಕ್ಕೆ ಒಂದು. ಮೇ ತಿಂಗಳ ಬಿರುಗಾಳಿಗೆ ಕಟ್ಟದ ಸೆಸ್ನಾ ಮಗುಚಿ ಬೀಳುತ್ತದೆ.

ಪ್ರಶ್ನೆ: ಒಂದೇ ಇಂಧನ ಟ್ಯಾಂಕ್ ಸಾಲದೆ? (ಶಿವಮೊಗ್ಗ)

ಸಾಲದು. ಪಿಸ್ಟನ್ ಎಂಜಿನ್ನಿನ ಸೆಸ್ನಾಕ್ಕೆ ನೀಲಿ ಬಣ್ಣದ ಅವ್‌ಗ್ಯಾಸ್ (ವಿಮಾನದ ಪೆಟ್ರೋಲ್), ಟರ್ಬೊಪ್ರಾಪ್‌ಗೂ ಡೀಸೆಲ್ ಎಂಜಿನ್ನಿನ ಡೈಮಂಡ್ ವಿಮಾನಗಳಿಗೂ ಸೀಮೆಎಣ್ಣೆ ಜಾತಿಯ ಜೆಟ್ ಎ-1. ಟ್ಯಾಂಕ್, ಪಂಪ್, ಪೈಪು ಎಲ್ಲವೂ ಬೇರೆ ಇರಲಿ. ಜೆಟ್ ಇಂಧನಕ್ಕೆ ಅಗಲ ಮೂತಿಯ ನಾಝಲ್ ಹಾಕಿ, ಅದು ಅವ್‌ಗ್ಯಾಸ್ ಬಾಯಿಗೆ ಹೋಗದಂತೆ.

ಪ್ರಶ್ನೆ: ಎರೆ ಮಣ್ಣಿನ ಹೊಲದಲ್ಲಿ ರನ್‌ವೇ ಬಾಳುತ್ತದೆಯೆ? (ಗದಗ)

ನೀರು ಹೊರಗಿದ್ದರೆ ಬಾಳುತ್ತದೆ. ಮಳೆಗಾಲಕ್ಕೆ ಉಬ್ಬಿ ಬೇಸಗೆಗೆ ಕುಗ್ಗುವ ಮಣ್ಣು ಮೊದಲು ಸೀಳುವುದು ಡಾಂಬರಿನ ಅಂಚನ್ನು. ಎರೆ ತೆಗೆದು ಗರಸು ತುಂಬಿ ದಮ್ಮಸು ಮಾಡುವಾಗ ಡಾಂಬರಿನ ಅಗಲಕ್ಕೇ ನಿಲ್ಲಿಸದೆ ಎರಡೂ ಬದಿ ಮುಂದುವರಿಸಿ. ನಡುವಿನಿಂದ ಅಂಚಿಗೆ ಇಳಿಜಾರು ಶೇ 2 ಮೀರದಿರಲಿ. ತೆರೆದ ಚರಂಡಿಯನ್ನು ರನ್‌ವೇ ಸುತ್ತಲಿನ ಅಡೆತಡೆ ಇಲ್ಲದ ಪಟ್ಟಿಯೊಳಗೆ ತೋಡಬೇಡಿ. ರನ್‌ವೇ ಬಿಟ್ಟು ಜಾರಿದ ವಿಮಾನದ ಮೂಗಿನ ಚಕ್ರ ಮುರಿಯುವುದು ಅಲ್ಲೇ. ಚರಂಡಿಯ ಜಾಗವೂ 140 ಮೀಟರ್ ಅಗಲದ ಪಟ್ಟಿಯಾಚೆ.