ಮೊದಲು ಬಾಟಲಿ, ಆಮೇಲೆ ಬೈಗುಳ

ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರವನ್ನು ಸುತ್ತಲಿನ ದೇಶಗಳು ಒಪ್ಪಂದ ಮಾಡಿಕೊಂಡು, ಕೂಡಿ ಅಳೆದು ಶುದ್ಧ ಮಾಡಹೊರಟ ಕುರಿತ ಕಳೆದ ಸಂಚಿಕೆಯ ಲೇಖನ ಓದಿ ಶಹಾಪುರ ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: "ನಮ್ಮ ಭೀಮಾ ಹೊಳ್ಯಾಗ ನೊರಿ ತೇಲಿದ್ರ ಕೇಳೋರಿಲ್ಲ. ಸಮುದ್ರಾನೇ ಕಾಣದ ಕಲಬುರಗಿ, ಯಾದಗಿರಿ ಮಂದಿ ಬಾಲ್ಟಿಕ್ ತಗೊಂಡು ಏನ್ ಮಾಡೂದದ? ಈ ಒಪ್ಪಂದ, ಸಮ್ಮೇಳನ ಎಲ್ಲಾ ಸಾಹೇಬರ ಫಾರಿನ್ ಟೂರು. ಹೊಲಸು ಮಾಡವರು ಯಾರಂತ ಊರಿಗೇ ಗೊತ್ತದ. ಅಳಿಯೂದು ಯಾಕ? ಹಿಡಿದು ದಂಡ ಹಾಕ್ರಿ." ಶಾಲೆ ಹುಡುಗರಿಂದ ಹೊಳೆ ನೀರು ಪರೀಕ್ಷೆ ಮಾಡಿಸಬಹುದೇ ಎಂದೂ ಕೊನೆಗೆ ಕೇಳಿದ್ದಾರೆ.

ಮಾಸ್ತರರೇ,

ನಿಮ್ಮ ಸಿಟ್ಟಿನಲ್ಲಿ ನಿಜವಿದೆ. ಬಾಲ್ಟಿಕ್ ರಾಷ್ಟ್ರಗಳ ಆಯೋಗ, ಅಂದರೆ ಹೆಲ್ಕಾಮ್, ಹೊರಡಿಸುವ ಶಿಫಾರಸುಗಳಿಗೆ ಕಾನೂನಿನ ಹಲ್ಲಿಲ್ಲ. 2021ರೊಳಗೆ ಸಮುದ್ರವನ್ನು ಸುಸ್ಥಿತಿಗೆ ತರುತ್ತೇವೆಂದು 2007ರಲ್ಲಿ ಕ್ರಾಕೋವ್‌ನಲ್ಲಿ ಮಾತು ಕೊಟ್ಟರು. ಗಡುವು ಮೀರಿತು, ಪರಿಷ್ಕೃತ ಯೋಜನೆ ಬಂತು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ಕೂಡಿ ನಡೆಯಬೇಕಾದ ಅಧಿಕೃತ ಸಭೆಗಳೂ ನಿಂತಿವೆ. ಇಷ್ಟನ್ನು ಒಪ್ಪಿದೆ.

ಆದರೆ "ಅಳಿಯೂದು ಯಾಕ" ಅಂದಿರಲ್ಲ, ಅದು ಗಂಟಲಲ್ಲಿ ಇಳಿಯುವುದಿಲ್ಲ. ಜೀವಮಾನವಿಡೀ ಹುಡುಗರಿಗೆ ಲೆಕ್ಕ ತಿದ್ದಿದವರು ಆಡುವ ಮಾತೇ ಇದು?

1974ರ ಮಾರ್ಚ್ 22ರಂದು ಹೆಲ್ಸಿಂಕಿಯಲ್ಲಿ ಬಾಲ್ಟಿಕ್ ರಕ್ಷಣೆಯ ಒಪ್ಪಂದಕ್ಕೆ ಏಳು ದೇಶಗಳು ಸಹಿ ಹಾಕಿದವು. ಸೋವಿಯತ್ ಒಕ್ಕೂಟ, ಪೋಲೆಂಡ್, ಪೂರ್ವ ಜರ್ಮನಿ ಒಂದು ಕಡೆಯವು. ಪಶ್ಚಿಮ ಜರ್ಮನಿ, ಡೆನ್ಮಾರ್ಕ್ ಎದುರು ಕಡೆಯವು. ಸ್ವೀಡನ್, ಫಿನ್ಲೆಂಡ್ ನಡುವಿನವು. ಒಬ್ಬರ ಮೇಲೊಬ್ಬರು ಕ್ಷಿಪಣಿ ಗುರಿಯಿಟ್ಟು ಕೂತಿದ್ದ ಕಾಲ. ಯಾರದು ತಪ್ಪು ಎಂದು ಮೊದಲು ಎತ್ತಿದ್ದರೆ ಸಭೆ ಚಹಾ ಹೊತ್ತಿಗೇ ಮುರಿಯುತ್ತಿತ್ತು. ಸಹಿಗೆ ಬೆಲೆಯೂ ತೆತ್ತರು: ಆಯಾ ದೇಶದ ಒಳನಾಡಿನ ಜಲಭಾಗ ಒಪ್ಪಂದದಿಂದ ಹೊರಗುಳಿಯಿತು. ಅದು ಒಳಬಂದದ್ದು 1992ರ ಹೊಸ ಒಪ್ಪಂದದಲ್ಲಿ. ಆದರೆ ಸಮುದ್ರವನ್ನು ಹೇಗೆ ಅಳೆಯಬೇಕು ಎಂಬಲ್ಲಿ ಕೂಡಿ ಕೆಲಸ ಶುರುವಾಯಿತು.

ಅಳತೆ ಅಂದರೆ ಬಕೆಟ್ ಅದ್ದಿ ಎತ್ತುವುದಲ್ಲ. ಬಾಲ್ಟಿಕ್‌ನ ಕಾಯಿಲೆ ರಂಜಕ (ಫಾಸ್ಫರಸ್) ಮತ್ತು ಸಾರಜನಕದ್ದು. ಊರ ಚರಂಡಿಯಿಂದಲೂ ಹೊಲದ ಗೊಬ್ಬರದಿಂದಲೂ ಬರುವ ಪೋಷಕಾಂಶದ ಅಜೀರ್ಣ. ತೆರೆದ ಸಮುದ್ರದಲ್ಲಿ ರಂಜಕ ಇರುವುದು ಲೀಟರಿಗೆ ಮಿಲಿಗ್ರಾಂನ ನೂರರಲ್ಲಿ ಒಂದೆರಡು ಪಾಲು. ಬಾಟಲಿಯನ್ನು ಫಾಸ್ಫೇಟ್ ಇರುವ ಸೋಪಿನ ಪುಡಿಯಲ್ಲಿ ತೊಳೆದರೆ ಸಮುದ್ರದ ಬದಲು ಸೋಪನ್ನೇ ಅಳೆದಂತಾಯಿತು. ಹಾಗಾಗಿ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಶುದ್ಧ ನೀರಲ್ಲಿ ಜಾಲಿಸಿ, ಮಾದರಿ ತುಂಬುವ ಮುನ್ನ ಅದೇ ನೀರಿನಿಂದ ಮತ್ತೆ ಜಾಲಿಸಬೇಕು. 0.45 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ತಂಪಿನಲ್ಲಿ, ಕತ್ತಲಲ್ಲಿ ಇಡಬೇಕು. ತಡಮಾಡಿದರೆ ಬಾಟಲಿಯೊಳಗಿನ ಸೂಕ್ಷ್ಮಜೀವಿಗಳೇ ರಂಜಕ ತಿಂದು ಲೆಕ್ಕ ಕೆಡಿಸುತ್ತವೆ. ಪೋಷಕಾಂಶದ ದಾಸ್ತಾನು ತಿಳಿಯಲು ಚಳಿಗಾಲದ ಅಳತೆಯೇ ಬೇಕು. ಬೇಸಿಗೆಯಲ್ಲಿ ಪಾಚಿ ಅದನ್ನೆಲ್ಲ ನುಂಗಿ ನೀರು ಸ್ವಚ್ಛವಿದ್ದಂತೆ ತೋರಿಸುತ್ತದೆ.

ಇದೆಲ್ಲ ಮುಗಿದ ಮೇಲೂ ಒಂದು ಪ್ರಯೋಗಾಲಯದ 10 ಇನ್ನೊಂದರ 13 ಆಗಬಹುದು. ಅದಕ್ಕೇ ಒಂದೇ ನೀರನ್ನು ಎಲ್ಲ ಪ್ರಯೋಗಾಲಯಗಳಿಗೂ ಕಳಿಸಿ, ಉತ್ತರ ಹೇಳದೆ ಪರೀಕ್ಷೆ ಮಾಡಿಸುತ್ತಾರೆ. ಯಾರ ಅಂಕಿ ಎಷ್ಟು ಆಚೀಚೆಯಾಯಿತು ಎಂಬುದು ಗೊತ್ತಾಗುತ್ತದೆ. ಇದು ನಡೆಯದಿದ್ದರೆ ಪ್ರತಿ ಸಭೆಯಲ್ಲೂ "ನಿಮ್ಮ ಯಂತ್ರ ಸರಿಯಿಲ್ಲ" ಎಂಬ ಒಂದೇ ಮಾತಿನಿಂದ ಅಪರಾಧಿ ಪಾರಾಗುತ್ತಾನೆ. ದಂಡ ಹಾಕಬೇಕೆನ್ನುವ ನಿಮಗೇ ಈ ಬೇಸರದ ಕೆಲಸ ಹೆಚ್ಚು ಬೇಕು, ಮಾಸ್ತರರೇ.

ಫಲ ಕಂಡಿತೇ ಅಂದರೆ, ಕಂಡಿತು. 1992ರಲ್ಲಿ ಆಯೋಗ 132 ಕೊಳಕು ತಾಣಗಳ ಪಟ್ಟಿ ಮಾಡಿತು. ಕಾಗದದ ಗಿರಣಿ, ನಗರಗಳ ಒಳಚರಂಡಿ, ಪಶುಸಂಗೋಪನೆಯ ಪ್ರದೇಶ ಎಲ್ಲವೂ ಹೆಸರು ಸಮೇತ. ಅವುಗಳಲ್ಲಿ ಬಹುಪಾಲು ಈಗ ಪಟ್ಟಿಯಿಂದ ಹೊರಬಿದ್ದಿವೆ. ಸೇಂಟ್ ಪೀಟರ್ಸ್‌ಬರ್ಗ್ ನಗರದ ನೈಋತ್ಯ ಭಾಗದ ಶುದ್ಧೀಕರಣ ಘಟಕ 2005ರಲ್ಲಿ ಶುರುವಾಯಿತು. ಅದಕ್ಕೆ ನೆರೆಯ ನಾರ್ಡಿಕ್ ದೇಶಗಳ ದುಡ್ಡೂ ಹೋಯಿತು. ಅದು ಧರ್ಮಕಾರ್ಯವಲ್ಲ, ಲೆಕ್ಕಾಚಾರ: ತಮ್ಮಲ್ಲಿ ಆಗಲೇ ಶುದ್ಧವಾಗಿದ್ದ ನೀರಿನಿಂದ ಇನ್ನೊಂದು ಕಿಲೊ ರಂಜಕ ತೆಗೆಯುವುದಕ್ಕಿಂತ, ಅಲ್ಲಿನ ಹಸಿ ಕೊಳಚೆಯಿಂದ ತೆಗೆಯುವುದು ಎಷ್ಟೋ ಅಗ್ಗ. ಕಬ್ಬಿಣದ ಲವಣ ಸುರಿದರೆ ರಂಜಕ ಅದಕ್ಕೆ ಅಂಟಿಕೊಂಡು ಕೆಸರಾಗಿ ತಳಕ್ಕೆ ಕೂರುತ್ತದೆ.

ಇನ್ನೊಂದು ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ರಷ್ಯಾದ ಲೂಗಾ ನದಿಯ ರಂಜಕದ ಜಾಡು ಹಿಡಿದು ಹೋದವರು, 2010ರ ದಶಕದ ಆರಂಭದಲ್ಲಿ, ಒಂದು ರಸಗೊಬ್ಬರ ಕಾರ್ಖಾನೆಯ ಜಿಪ್ಸಂ ಗುಡ್ಡೆಗೆ ತಲುಪಿದರು. ರಂಜಕದ ಆಮ್ಲ ತಯಾರಿಸಿದ ಮೇಲೆ ಉಳಿಯುವ ತ್ಯಾಜ್ಯವದು; ಅದರಿಂದ ಸೋರಿದ ನೀರು ನದಿ ಸೇರುತ್ತಿತ್ತು. ಸೋರುವ ನೀರಿಗೆ ಶುದ್ಧೀಕರಣ ಹಾಕಿದ ಮೇಲೆ ಫಿನ್ಲೆಂಡ್ ಕೊಲ್ಲಿಗೆ ಬೀಳುವ ರಂಜಕ ಗಣನೀಯವಾಗಿ ಇಳಿಯಿತು. "ಊರಿಗೇ ಗೊತ್ತದ" ಅನ್ನುವ ಪಟ್ಟಿಯಲ್ಲಿ ಆ ಗುಡ್ಡೆ ಇತ್ತೇ?

ಹಾಗಾದರೆ 2021ರ ಗಡುವು ಯಾಕೆ ತಪ್ಪಿತು? ಹೊಲದಿಂದ ಹರಿದು ಬರುವ ಗೊಬ್ಬರವನ್ನು ಕೊಳವೆಯ ಬಾಯಲ್ಲಿ ಹಿಡಿಯಲಾಗದು ಎಂಬುದು ಒಂದು ಕಾರಣ. ಸಮುದ್ರದ ರಚನೆ ಇನ್ನೊಂದು. ಡೆನ್ಮಾರ್ಕ್ ಬಳಿಯ ಕಿರಿದಾದ ಜಲಸಂಧಿಗಳನ್ನು ಬಿಟ್ಟರೆ ಅದಕ್ಕೆ ಸಾಗರದ ದಾರಿಯಿಲ್ಲ. ಒಳಗಿನ ನೀರು ಬದಲಾಗಲು 25ರಿಂದ 30 ವರ್ಷ ಬೇಕು. ಮೇಲೆ ನದಿಯ ಹಗುರ ನೀರು, ಕೆಳಗೆ ಉಪ್ಪಿನ ಭಾರದ ನೀರು, ಎರಡೂ ಬೆರೆಯುವುದಿಲ್ಲ. 60–80 ಮೀಟರ್ ಕೆಳಗೆ ಆಮ್ಲಜನಕ ತೀರಿದಾಗ, ತಳದ ಕೆಸರಿನಲ್ಲಿ ಕಬ್ಬಿಣಕ್ಕೆ ಅಂಟಿದ್ದ ರಂಜಕ ಕಳಚಿಕೊಂಡು ಮತ್ತೆ ಮೇಲೇರುತ್ತದೆ. ತಾತ ಮಾಡಿದ ಸಾಲಕ್ಕೆ ಮೊಮ್ಮಗ ಬಡ್ಡಿ ಕಟ್ಟಿದಂತೆ.

ಈಗ ನಮ್ಮ ಮನೆಯ ಮಾತು. ಹೆಲ್ಸಿಂಕಿ ಸಹಿಯ ಮರುದಿನ, 1974ರ ಮಾರ್ಚ್ 23ರಂದು, ನಮ್ಮ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ ಬಂತು. ನಾವೇನೂ ಹಿಂದೆ ಬಿದ್ದಿರಲಿಲ್ಲ. ಭೀಮೆ ಮಹಾರಾಷ್ಟ್ರದಿಂದ ಬಂದು, ಕಾಗಿಣಾವನ್ನು ಕೂಡಿಸಿಕೊಂಡು, ಕೃಷ್ಣೆ ಸೇರಿ ತೆಲಂಗಾಣ, ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಬೀದರಿನ ಮಾಂಜ್ರಾ ಗೋದಾವರಿಯ ದಾರಿಯಲ್ಲಿ ಅಲ್ಲಿಗೇ. ಸಮುದ್ರ ಕಾಣದ ಮಂದಿ ಅಂದಿರಿ. ನಮ್ಮ ಚರಂಡಿ ಕಂಡಿದೆ. ಬಚಾವತ್ ನ್ಯಾಯಮಂಡಳಿಯಿಂದ ಇವತ್ತಿನವರೆಗೆ ಕೃಷ್ಣೆಯ ಜಗಳವೆಲ್ಲ ಟಿಎಂಸಿಯದು, ಅಂದರೆ ಯಾರಿಗೆ ಎಷ್ಟು ನೀರು ಎಂಬುದರದು. ಒಂದು ಟಿಎಂಸಿ ಕಮ್ಮಿಯಾದರೆ ಬಂದ್, ರಸ್ತೆ ತಡೆ. ಆ ಟಿಎಂಸಿಯೊಳಗೆ ಏನು ಕರಗಿದೆ ಎಂದು ಕೇಳಿ ಯಾವ ಪಕ್ಷ ಬೀದಿಗಿಳಿದಿದೆ? ಪತ್ರಿಕೆಯವರಾದ ನಾವು "ವಿಷವಾದ ಹೊಳೆ" ಎಂದು ತಲೆಬರಹ ಕೊಟ್ಟು ಮಲಗುತ್ತೇವೆ. ಸುದ್ದಿಯೊಳಗೆ ಒಂದು ಅಂಕಿಯಿರುವುದಿಲ್ಲ. ದಕ್ಷಿಣ ಏಷ್ಯಾದ ಐದು ದೇಶಗಳಿಗೂ ಸಮುದ್ರ ರಕ್ಷಣೆಯ ಯೋಜನೆಯೊಂದಿದೆ, 1995ರಲ್ಲಿ ದಿಲ್ಲಿಯಲ್ಲೇ ಒಪ್ಪಿದ್ದು. ಕೇಳಿದವರೆಷ್ಟು ಮಂದಿ?

ಹುಡುಗರ ವಿಷಯ: ಖಂಡಿತ ಮಾಡಿಸಿ, ಆದರೆ ಕರಗಿದ ಆಮ್ಲಜನಕ ಒಂದನ್ನೇ ಹಿಡಿಯಿರಿ. ಹಳ್ಳ ಅಥವಾ ಚರಂಡಿ ಹೊಳೆಗೆ ಸೇರುವುದಕ್ಕಿಂತ ಮೇಲೊಂದು ಜಾಗ; ಕೆಳಗೆ, ನೀರು ಚೆನ್ನಾಗಿ ಬೆರೆತ ಮೇಲೆ ಇನ್ನೊಂದು ಜಾಗ. ದಂಡೆಯ ನಿಂತ ನೀರು ಬೇಡ. 300 ಮಿಲಿಲೀಟರಿನ ಗಾಜಿನ ಬಾಟಲಿಯ ತಳಕ್ಕೆ ನಳಿಕೆ ಮುಟ್ಟಿಸಿ, ಉಕ್ಕಿ ಹರಿಯುವವರೆಗೆ ತುಂಬಿ, ಒಂದು ಗುಳ್ಳೆಯೂ ಇರದಂತೆ ಮುಚ್ಚಿ. ಗುಳ್ಳೆಯೊಳಗಿನ ಗಾಳಿ ನಿಮ್ಮ ಅಂಕಿ ಏರಿಸುತ್ತದೆ. ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೊಡೈಡ್ ದಂಡೆಯಲ್ಲೇ ಹಾಕಿ. ಗಸಿ ಕಂದು ಬಣ್ಣವಾದರೆ ಆಮ್ಲಜನಕವಿದೆ, ಬೆಳ್ಳಗೇ ಉಳಿದರೆ ಹೊಳೆ ಉಸಿರುಗಟ್ಟಿದೆ. ಆಮೇಲಿನ ಗಂಧಕಾಮ್ಲವನ್ನು ಶಿಕ್ಷಕರೇ ಹಾಕಲಿ, ಹುಡುಗರ ಕೈಗೆ ಕೊಡಬೇಡಿ. ಸ್ನಾನದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಹೊತ್ತು ಮಾತ್ರ ತಪ್ಪಬಾರದು: ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ತೀರ ಕಮ್ಮಿ, ಮಧ್ಯಾಹ್ನ ಎರಡಕ್ಕೆ ಹೋದರೆ ಬಿಸಿಲಲ್ಲಿ ಪಾಚಿ ಉಸಿರು ಬಿಟ್ಟು ಹೊಲಸು ನೀರೂ ಪಾಸಾಗುತ್ತದೆ. ಮೂರು ತಿಂಗಳ ವಹಿ ಕಳಿಸಿ, ಅಚ್ಚು ಹಾಕುತ್ತೇವೆ; ಗಂಟೆ ನಮೂದಿಸದ ಸಾಲುಗಳನ್ನು ಬಿಟ್ಟು.

— ಸಂ.