ಹಾಕ್ಸ್‌ಬರಿಯಲ್ಲಿ ದೋಣಿ ತಿರುಗಿಸುವುದು

ಪ್ರಶ್ನೆ: ಇಂಗ್ಲೆಂಡಿನ ಕೊವೆಂಟ್ರಿಯಲ್ಲಿರುವ ಮಗ ಕಾಲುವೆ ಸುತ್ತಲು ದೋಣಿ ಬಾಡಿಗೆಗೆ ಹಿಡಿದಿದ್ದಾನೆ. ಹಾಕ್ಸ್‌ಬರಿ ಜಂಕ್ಷನ್‌ನಲ್ಲಿ ತಂಗಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಧಾರಾಳವಾಗಿ ತಂಗಿ. ಆಕ್ಸ್‌ಫರ್ಡ್ ಕಾಲುವೆ ಕೊವೆಂಟ್ರಿ ಕಾಲುವೆಯನ್ನು ಸೇರುವ ಜಾಗವದು. ಅಲ್ಲಿಯವರು ಅದನ್ನು ಹಿಂದೆ ಅಲ್ಲಿನ ಲಾಕ್ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲುಕಟ್ಟೆ) ಕಾಯುತ್ತಿದ್ದ ಕುಟುಂಬದ ಹೆಸರಿನಲ್ಲಿ ‘ಸಟನ್ ಸ್ಟಾಪ್’ ಎನ್ನುತ್ತಾರೆ. ಕುಡಿಯುವ ನೀರಿನ ನಲ್ಲಿ, ಕಸದ ತೊಟ್ಟಿ, ಶೌಚದ ಡಬ್ಬಿ ಖಾಲಿ ಮಾಡುವ ಜಾಗ ಎಲ್ಲವೂ ಇವೆ. ಅವುಗಳ ಬೀಗದ ಕೈಯನ್ನು ದೋಣಿಯವರಿಂದ ಮೊದಲೇ ಕೇಳಿ ಪಡೆಯಿರಿ. ಎಷ್ಟು ದಿನ ದೋಣಿ ಕಟ್ಟಬಹುದೆಂಬುದು ದಡದ ಫಲಕದಲ್ಲಿರುತ್ತದೆ.

ಅಲ್ಲಿನ ಲಾಕ್‌ನಲ್ಲಿ ನೀರಿನ ಏರಿಳಿತ ತೀರಾ ಕಡಿಮೆ. ಆದರೂ ಬಾಗಿಲು ತೆರೆದು ಮುಚ್ಚಲೇಬೇಕು. ಎರಡು ಕಾಲುವೆ ಕಂಪನಿಗಳು ತಮ್ಮ ತಮ್ಮ ನೀರನ್ನು ಕಾಯ್ದುಕೊಂಡ ಜಿಪುಣತನದ ಗುರುತು ಅದು.

ನಿಜವಾದ ಪರೀಕ್ಷೆ ತಿರುವಿನದು. ಆಕ್ಸ್‌ಫರ್ಡ್ ಕಡೆಯಿಂದ ಬಂದು ಉತ್ತರಕ್ಕೆ ಹೋಗಬೇಕಾದರೆ 1837ರ ಎರಕದ ಕಬ್ಬಿಣದ ಸೇತುವೆಯಡಿ ನುಸುಳಿ, ಬಂದ ದಿಕ್ಕಿಗೇ ಹೊರಳಬೇಕು. ಅದೂ ಗ್ರೇಹೌಂಡ್ ಪಬ್ಬಿನ ಎದುರಿಗೇ! ನನ್ನ ದೋಣಿಯ ಮೂತಿ ದಡಕ್ಕೆ ಗುದ್ದಿದಾಗ ಬಿಯರ್ ಹಿಡಿದು ಕುಳಿತಿದ್ದವರೆಲ್ಲ ಎದ್ದು ನಿಂತು ನೋಡಿದರು. ಒಬ್ಬಾತ ಚಪ್ಪಾಳೆಯನ್ನೂ ತಟ್ಟಿದ. ನೀವು ಮಾತ್ರ ಬೆಳಿಗ್ಗೆ, ಪಬ್ಬು ತೆರೆಯುವ ಮುನ್ನವೇ ತಿರುಗಿಸಿಬಿಡಿ.