ಅಜ್ಜನ ಮನೆ ಉಳಿಸಿಕೊಂಡು ಬಹುಮಹಡಿ ಕಟ್ಟಬಹುದೇ?

ಪ್ರಶ್ನೆ: ಮಂಗಳೂರಿನ ಕದ್ರಿ ಸಮೀಪ ನಮಗೆ 45 ಸೆಂಟ್ಸ್ ಜಾಗವಿದೆ. ಅದರಲ್ಲಿ ಅಜ್ಜನ ಕಾಲದ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಉಪ್ಪರಿಗೆ ಮನೆ. ಜಾಗವನ್ನು ಜಂಟಿ ಅಭಿವೃದ್ಧಿಗೆ ಕೊಡಬೇಕೆಂದು ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದೇವೆ. ಕೆಳಗೆ ಅಂಗಡಿ, ಮೇಲೆ ಫ್ಲ್ಯಾಟ್, ಎರಡು ಬೇಸ್‌ಮೆಂಟ್. ಮನೆಯ ಮುಂದಿನ ಗೋಡೆಯನ್ನಷ್ಟೇ ಉಳಿಸಿ, ಅದರ ಬೆನ್ನಿಗೇ ಕಟ್ಟಡ ಎಬ್ಬಿಸೋಣ ಎನ್ನುತ್ತಾರೆ ಬಿಲ್ಡರ್. ಒಪ್ಪಬಹುದೇ?

ಉತ್ತರ: ದಯವಿಟ್ಟು ಒಪ್ಪಬೇಡಿ. ಚಾವಡಿ, ಮಾಡು (ಹಂಚಿನ ಚಾವಣಿ), ಮರದ ಮೆಟ್ಟಿಲು ಎಲ್ಲ ಹೋದ ಮೇಲೆ ಉಳಿಯುವುದು ಅಂಗಡಿಯ ಬೋರ್ಡು ತಗುಲಿಸುವ ಗೋಡೆ ಮಾತ್ರ. ಇಂಥ ಕೆಲಸಕ್ಕೆ ನ್ಯೂಯಾರ್ಕಿನ ಹರ್ಸ್ಟ್ ಟವರನ್ನು ಉದಾಹರಣೆ ಕೊಡುವವರಿದ್ದಾರೆ. 1928ರ ಆರು ಅಂತಸ್ತಿನ ಕಟ್ಟಡದ ಹೊರಗೋಡೆ ಉಳಿಸಿಕೊಂಡು 2006ರಲ್ಲಿ ಅಲ್ಲಿ 46 ಅಂತಸ್ತಿನ ಗೋಪುರ ಎದ್ದದ್ದು ನಿಜ. ಆದರೆ ಮುಂದೊಂದು ದಿನ ಮೇಲೆ ಗೋಪುರ ಬರಲಿದೆ ಎಂಬ ಲೆಕ್ಕದಲ್ಲೇ ಆ ತಳಕಟ್ಟಡವನ್ನು ಕಟ್ಟಿದ್ದರು. ನಿಮ್ಮ ಮನೆಯ ಗೋಡೆ ಮಾಡನ್ನೂ ಅಡ್ಡಗೋಡೆಗಳನ್ನೂ ನೆಚ್ಚಿಕೊಂಡು ನಿಂತಿದೆ. ಅವನ್ನು ಕಳಚಿದರೆ ಒಂದು ಮಳೆಗಾಲ ತಾಳುವುದೂ ಕಷ್ಟ.

ಮನೆಯನ್ನು ಇಡಿಯಾಗಿ ಉಳಿಸಿ, ಹೊಸ ಕಟ್ಟಡವನ್ನು ಹಿತ್ತಿಲ ಕಡೆಗೆ ಸರಿಸಿ. ಎತ್ತರ ನಿಯಮದ ಮಿತಿ ದಾಟಿದರೆ ಅದು ಬಹುಮಹಡಿ ಕಟ್ಟಡ. ಸುತ್ತ 45 ಟನ್ ತೂಕದ ಅಗ್ನಿಶಾಮಕ ವಾಹನ ಓಡಾಡಲು 6 ಮೀಟರ್ ದಾರಿ ಬಿಡಬೇಕಾಗುತ್ತದೆ. ಆ ದಾರಿಯೇ ಹಳೆಯದಕ್ಕೂ ಹೊಸದಕ್ಕೂ ನಡುವಿನ ಅಂತರವಾಗಲಿ. ಹಳೆಯ ಬಾವಿಯ ಅಂಚಿನಲ್ಲಿ ಮಾತ್ರ ಅದು ಹಾಯಬಾರದು. ರಸ್ತೆಯ ಅಗಲ, ವಿಮಾನ ನಿಲ್ದಾಣ ಪ್ರಾಧಿಕಾರದ ಎತ್ತರದ ಅನುಮತಿ ಇವೆರಡನ್ನೂ ನಕ್ಷೆಗೆ ಮೊದಲೇ ನೋಡಿಕೊಳ್ಳಿ.

ನನಗೆ ನಿಜವಾಗಿ ಭಯವಿರುವುದು ಬೇಸ್‌ಮೆಂಟಿನ ಬಗ್ಗೆ. ನಮ್ಮೂರಲ್ಲಿ ಮುರಕಲ್ಲಿನ ಪದರದ ಕೆಳಗೆ ಸಿಗುವುದು ಶೇಡಿ ಮಣ್ಣು. ಒಣಗಿದ್ದಾಗ ಪಿಕಾಸಿಗೂ ಜಗ್ಗದ ಈ ಮಣ್ಣು ನೀರು ಕುಡಿದರೆ ಕೈಯಲ್ಲಿ ಹಿಸುಕುವಷ್ಟು ಮೆತ್ತಗಾಗುತ್ತದೆ. ಜುಲೈ ಮಳೆಗೆ ಹೊಂಡ ತುಂಬಿ, ಹಗಲೂರಾತ್ರಿ ಪಂಪು ಹಚ್ಚಿದರೆ ನೀರಿನೊಂದಿಗೆ ನುಣುಪು ಮಣ್ಣೂ ಹೊರಟುಬರುತ್ತದೆ. ಹಳೆ ಮನೆಯ ಪಂಚಾಂಗ (ಅಡಿಪಾಯ) ಹೆಚ್ಚು ಆಳಕ್ಕಿಳಿದಿರುವುದಿಲ್ಲ, ಅಡಿಯ ಮಣ್ಣು ಸರಿದರೆ ಗೋಡೆ ಬಿರಿಯುತ್ತದೆ. ಎರಡು ಬೇಸ್‌ಮೆಂಟಿನ ಆಸೆ ಬಿಟ್ಟು ಪಾರ್ಕಿಂಗನ್ನು ನೆಲದ ಮೇಲಿನ ಅಂತಸ್ತುಗಳಿಗೇ ಏರಿಸಿ. ಪೈಲ್ (ಅಡಿಪಾಯದ ಕಂಬ) ಬಡಿದು ಇಳಿಸುವುದು ಬೇಡ, ನೆಲ ಕೊರೆದು ಹಾಕಲಿ. ಕೆಲಸ ಶುರುವಾಗುವ ಮೊದಲು ಪ್ರತಿ ಬಿರುಕಿನ ಫೋಟೋ ತೆಗೆಸಿ, ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆಸಿ. ಗಾಜು ಒಡೆದ ದಿನವೇ ಅಗೆತ ನಿಲ್ಲಬೇಕು.

ಇನ್ನು ಗಾಳಿ. ಕಡಲ ಕಡೆಯಿಂದ ಬೀಸಿ ಗೋಪುರಕ್ಕೆ ಹೊಡೆದ ಗಾಳಿಯಲ್ಲಿ ಒಂದು ಪಾಲು ಕೆಳಕ್ಕಿಳಿದು ಹಂಚನ್ನು ಎಬ್ಬಿಸುತ್ತದೆ. ಅಂಗಡಿಗಳಿರುವ ಎರಡು ಅಂತಸ್ತನ್ನು ಮುಂದಕ್ಕೆ ಚಾಚಿ ಫ್ಲ್ಯಾಟ್‌ಗಳನ್ನು ಹಿಂದಕ್ಕೆ ಸರಿಸಿದರೆ ಆ ರಭಸ ಅಂಗಡಿಗಳ ತಾರಸಿಯ ಮೇಲೇ ತಗ್ಗುತ್ತದೆ. ಅಂಚಿನ ಸಾಲುಗಳ ಹಂಚುಗಳನ್ನು ರೀಪಿಗೆ (ಹಂಚು ಕೂರುವ ಮರದ ಪಟ್ಟಿಗೆ) ತಂತಿಯಿಂದ ಬಿಗಿಸಿ. ಬಾಲ್ಕನಿಯ ಹೂಕುಂಡವಾಗಲಿ ಎಸಿಯ ನೀರಾಗಲಿ ಮಾಡಿನ ಮೇಲೆ ಬೀಳಬಾರದು. ಗೋಡೆಗೆ ಸುಣ್ಣದ ಗಾರೆಯೇ ಸರಿ. ಸಿಮೆಂಟ್ ಸಾರಣೆ ಮಾಡಿದರೆ ಒಳಗಿನ ತೇವ ಆರದೆ ಕಲ್ಲು ಪುಡಿಯಾಗುತ್ತದೆ.

ಮನೆಯನ್ನು ಖಾಲಿ ಬಿಡಬೇಡಿ. ಬೀಗ ಹಾಕಿದ ಮನೆಗೆ ಮೊದಲು ಬರುವ ಬಾಡಿಗೆದಾರ ಗೆದ್ದಲು. ಚಾವಡಿಯಲ್ಲಿ ಕಾಫಿ ಅಂಗಡಿಯೋ ಕ್ಲಿನಿಕ್ಕೋ ನಡೆಯಲಿ. ಉಪ್ಪರಿಗೆಯಲ್ಲಿ ಮಾತ್ರ ಅಂಗಡಿ ಬೇಡ. ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಲೆಕ್ಕ ಹಿಡಿದರೆ ಅಂಗಡಿಗೆ 400 ಹಿಡಿಯಬೇಕು, ಹಳೆಯ ಮರದ ಜಂತಿಗಳಿಗೆ ಅದು ಹೆಚ್ಚಾಯಿತು. ಫ್ಲ್ಯಾಟ್‌ನವರ ಅತಿಥಿಗಳಿಗೆ ಎರಡು ಕೋಣೆ ಮಾಡಿಸಿದರೆ ಸಾಕು.

ಒಪ್ಪಂದ ಬರೆಯುವಾಗ ಗಟ್ಟಿಯಾಗಿರಿ. ಹಳೆ ಮನೆಯ ದುರಸ್ತಿಯನ್ನು ಕೊನೆಗೆ ಇಟ್ಟುಕೊಳ್ಳುವುದು ಬಿಲ್ಡರ್‌ಗಳ ರೂಢಿ. ಅಷ್ಟರಲ್ಲಿ ಎರಡು ಮಳೆಗಾಲ ಸೋರಿ, ಮಾಡನ್ನು ಹೊರುವ ಮರದ ಪಕ್ಕಾಸು ಕೊಳೆತಿರುತ್ತದೆ, ‘ಇನ್ನು ಕೆಡವುವುದೇ ಲೇಸು’ ಎಂಬ ಮಾತು ಬರುತ್ತದೆ. ಪಕ್ಕಾಸು, ರೀಪು, ಹಂಚಿನ ಕೆಲಸ ಮುಗಿಯದೆ ಹೊಸ ಕಟ್ಟಡದ ಎರಡನೇ ಸ್ಲ್ಯಾಬ್ ಹಾಕುವಂತಿಲ್ಲ ಎಂದು ಕರಾರಿನಲ್ಲೇ ಸೇರಿಸಿ. ಮನೆಯ ಒಡೆತನ ಯಾರದು, ಅದರ ಬಾಡಿಗೆಯಲ್ಲಿ ಎಷ್ಟು ಪಾಲು ಮಾಡಿನ ರಿಪೇರಿಗೆ ಮೀಸಲು ಎಂಬುದೂ ಅದೇ ಕಾಗದದಲ್ಲಿ ಇರಲಿ.